ಗರಡಿಯಿಂದ ಎಂಎಂಎ ಮ್ಯಾಟಿಗೆ

ಶಿವಮೊಗ್ಗ, ಸಾಗರದ ಕಡೆ ಮಾರಿ ಜಾತ್ರೆ ಬಂತೆಂದರೆ ಕುಸ್ತಿ ಇರಲೇಬೇಕು. ನಾನೂ ಮೊದಲು ಕಲಿತದ್ದು ಕುಸ್ತಿಯನ್ನೇ. ಆ ಪಟ್ಟುಗಳ ಬಲದ ಮೇಲೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎ ಶುರು ಮಾಡಿದೆ. ಗುದ್ದು, ಒದೆತ, ಕುಸ್ತಿ, ನೆಲದ ಪಟ್ಟು ಎಲ್ಲಾ ಸೇರಿದ ಆಟ ಇದು. ಹೊಸದಾಗಿ ಕಲಿಯಬೇಕು ಅಂತ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವ ಮಾತುಗಳಿವು.

ಇದು ಬೀದಿ ಹೊಡೆದಾಟ ಅಲ್ಲ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಎಂಎಂಎಯ ದೊಡ್ಡ ಪಂದ್ಯಾವಳಿ ಯುಎಫ್‌ಸಿ ಮೊದಲ ಸಲ ನಡೆದಾಗ ನಿಯಮ ತೀರಾ ಕಡಿಮೆ, ತೂಕದ ವಿಭಾಗವೇ ಇರಲಿಲ್ಲ. ಬ್ರೆಜಿಲ್‌ನ ರಾಯ್ಸ್ ಗ್ರೇಸಿ ತನಗಿಂತ ಭಾರದವರನ್ನು ನೆಲಕ್ಕೆ ತಂದು ಸೋಲೊಪ್ಪಿಸಿ ಗೆದ್ದರು. ಈಗ ಸಾಮಾನ್ಯವಾಗಿ 5 ನಿಮಿಷದ 3 ಸುತ್ತು, ಚಾಂಪಿಯನ್ ಪಟ್ಟಕ್ಕಾದರೆ 5 ಸುತ್ತು. ಕಣ್ಣಿಗೆ ಬೆರಳು, ಕಚ್ಚುವುದು, ತಲೆಯ ಹಿಂಭಾಗಕ್ಕೆ ಹೊಡೆಯುವುದು ಎಲ್ಲಾ ಫೌಲ್.

ಕುಸ್ತಿಯಿಂದ ಬಂದವರಿಗೆ ಸೊಂಟ, ಕತ್ತು, ಹಿಡಿತ ಮೊದಲೇ ಗಟ್ಟಿ ಇರುತ್ತದೆ. ಆದರೆ ಮೈಗೆ ಹಳೆಯ ಪಾಠವೂ ಅಂಟಿರುತ್ತದೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಬೀಳುವಾಗ ಮೈ ತಾನಾಗಿಯೇ ಬೋರಲಾಗುತ್ತದೆ. ಎಂಎಂಎಯಲ್ಲಿ ಬೋರಲಾದರೆ ಎದುರಾಳಿ ಬೆನ್ನೇರುತ್ತಾನೆ. ಕಾಲುಗಳನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದಿನಿಂದ ಕತ್ತಿಗೆ ತೋಳು ಬಿಗಿಯುತ್ತಾನೆ. ಇದೇ ರಿಯರ್ ನೇಕೆಡ್ ಚೋಕ್. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿಹೋಗಿ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ.

ಅಂಗಾತ ಬಿದ್ದರೆ ನಮ್ಮ ಕಾಲುಗಳನ್ನು ಇಬ್ಬರ ನಡುವೆ ತರಬಹುದು. ಇದು ಗಾರ್ಡ್. ಅಲ್ಲಿಂದ ಅವನ ಸೊಂಟ ತಳ್ಳಿ ಏಳಬಹುದು, ಅವನನ್ನು ಮಗುಚಬಹುದು, ಕೈ ಸಿಕ್ಕರೆ ಮೊಣಕೈಯನ್ನು ಹಿಂದಕ್ಕೆ ಒತ್ತುವ ಆರ್ಮ್‌ಬಾರ್ ಹಾಕಬಹುದು. ನನ್ನ ಮೈಗೆ ಇದನ್ನು ಒಪ್ಪಿಸಲು ಬಹಳ ಕಾಲ ಬೇಕಾಯಿತು. ಹಾಗಂತ ಕೆಳಗೇ ಮಲಗಿರುವುದೂ ಒಳ್ಳೆಯದಲ್ಲ, ಮೇಲಿನಿಂದ ಗುದ್ದು ಬೀಳುತ್ತಲೇ ಇರುತ್ತದೆ. ಅದಕ್ಕೇ ನಾನು ಕಲಿಸುವಾಗ ಮೊದಲು ಏಳುವುದನ್ನು ಕಲಿಸುತ್ತೇನೆ.

ಇನ್ನೊಂದು ವಿಷಯ ತಲೆ. ತಲೆ ತಗ್ಗಿಸಿ ಕಾಲಿಗೆ ನುಗ್ಗಿದರೆ ಕತ್ತು ಗಿಲೊಟಿನ್ ಚೋಕ್‌ಗೆ, ಅಂದರೆ ಮುಂದಿನಿಂದ ತೋಳು ಬಿಗಿಯುವ ಪಟ್ಟಿಗೆ ಸಿಗುತ್ತದೆ, ಇಲ್ಲವೇ ಮೊಣಕಾಲು ಮುಖಕ್ಕೆ ಬರುತ್ತದೆ. ತಲೆ ಎತ್ತಿರಬೇಕು, ಕಿವಿ ಅವನ ಪಕ್ಕೆಗೆ ಒತ್ತಿರಬೇಕು. ದೂರದಿಂದ ಸುಮ್ನೆ ನುಗ್ಗಬಾರದು. ಮುಖದತ್ತ ಒಂದು ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು ಬಿಡಿ. ಅವನ ಕೈ ಮೇಲೆದ್ದ ಕ್ಷಣವೇ ಕಾಲಿಗೆ ಹೋಗಿ. ಬಾಕ್ಸಿಂಗ್ ಬೇರೆ, ಕುಸ್ತಿ ಬೇರೆ ಅಂತ ಕಲಿತರೆ ಇದು ಬರುವುದಿಲ್ಲ. ಗುದ್ದಿನಿಂದ ಪಟ್ಟಿಗೆ, ಪಟ್ಟಿನಿಂದ ನೆಲಕ್ಕೆ ದಾಟುವ ಆ ಗಳಿಗೆಯೇ ಎಂಎಂಎ. ಅಭ್ಯಾಸದ ಹೆಚ್ಚು ಪಾಲು ಅಲ್ಲಿಗೇ ಹೋಗಬೇಕು.

ಟ್ಯಾಪ್ ಮಾಡಲು, ಅಂದರೆ ಸೋಲೊಪ್ಪಿ ಕೈ ತಟ್ಟಲು ನಾಚಿಕೆ ಬೇಡ. ಲಾಕ್ ಬಿಗಿಯಿತು ಅನ್ನಿಸಿದರೆ ಜೊತೆಗಾರನ ಮೈಗೆ ಕೈ ತಟ್ಟಿ, ಕೈ ಸಿಕ್ಕಿಬಿದ್ದಿದ್ದರೆ ಬಾಯಲ್ಲೇ ಹೇಳಿ. ತಟ್ಟಿದ ತಕ್ಷಣ ಬಿಡದವನ ಜೊತೆ ನಾನು ಮತ್ತೆ ಅಭ್ಯಾಸ ಮಾಡುವುದಿಲ್ಲ. ಸೇರಿದ ವಾರವೇ ಹೊಸಬರನ್ನು ಜೋರು ಸ್ಪಾರಿಂಗ್‌ಗೆ (ಅಭ್ಯಾಸದ ಕಾದಾಟಕ್ಕೆ) ಇಳಿಸುವ ಕ್ಲಾಸಿಗೂ ಹೋಗಬೇಡಿ. ತಲೆಗೆ ಪೆಟ್ಟು ಜಾಸ್ತಿ ತಿಂದರೆ ಯಾರೂ ಬಲಿಯುವುದಿಲ್ಲ.

ಹುಡುಗಿಯರಿಗೆ ಇದು ಆಗುತ್ತಾ ಅಂತ ಮನೆಯವರು ಕೇಳುತ್ತಾರೆ. 2024ರಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದರು, ಅಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ. ಅವರು ಚೀನಾದ ಸಮರಕಲೆ ವುಶುವಿನಿಂದ ಬಂದವರು. ನಾನು ಅವರ ಹೆಸರನ್ನೇ ಹೇಳುತ್ತೇನೆ.

ಶುರುವಿಗೆ ಮೌತ್‌ಗಾರ್ಡ್, ಶಿನ್ ಗಾರ್ಡ್, ದಪ್ಪ ಗ್ಲೌಸ್ ಸಾಕು. ಎಂಎಂಎಯ ತೆಳು ಗ್ಲೌಸ್ ಆಮೇಲೆ ಕೊಳ್ಳಿ. ನಮ್ಮ ಮಳೆಗಾಲದಲ್ಲಿ ಬಟ್ಟೆಯದೇ ದೊಡ್ಡ ಕೆಲಸ. ಒದ್ದೆ ರ‍್ಯಾಶ್‌ಗಾರ್ಡ್ (ಮೈಗಂಟುವ ಅಭ್ಯಾಸದ ಅಂಗಿ) ಮತ್ತೆ ಹಾಕಿಕೊಂಡರೆ ಹುಳುಕಡ್ಡಿ ಬೇಗ ಹತ್ತುತ್ತದೆ, ಮ್ಯಾಟಿನಲ್ಲಿ ಎಲ್ಲರಿಗೂ ಹಬ್ಬುತ್ತದೆ. ನಾನು ಎರಡು ಜೊತೆ ಇಟ್ಟುಕೊಂಡು ಬಚ್ಚಲೊಲೆಯ ಹತ್ತಿರ ಒಣಗಿಸುತ್ತೇನೆ. ತೀರಾ ಹತ್ತಿರ ಬೇಡ, ಸಿಂಥೆಟಿಕ್ ಬಟ್ಟೆ ಮುದುಡಿಹೋಗುತ್ತದೆ. ಮೈಮೇಲೆ ಕೆಂಪು ಉಂಗುರ ಕಂಡರೆ ಡಾಕ್ಟರಿಗೆ ತೋರಿಸಿ, ವಾಸಿಯಾಗುವವರೆಗೆ ಕ್ಲಾಸಿಗೆ ಬರಬೇಡಿ.