ಅಡವಿನ ಕೌಂಟರ್‌ನಿಂದ ದೃಢೀಕರಣದ ತರಗತಿಗೆ

ವಾರವೆಲ್ಲ ನಾನು ಗದಗಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರ್ ನೋಡಿಕೊಳ್ಳುತ್ತೇನೆ. ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಮಕ್ಕಳಿಗೆ ದೃಢೀಕರಣದ ತರಗತಿ ತೆಗೆದುಕೊಳ್ಳುತ್ತೇನೆ. ಎಲ್ಲ ಹದಿಮೂರು, ಹದಿನಾಲ್ಕರ ಮಕ್ಕಳು. ಇದು ಮುಗಿದರೆ ಅವರು ಮೊದಲ ಸಲ ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆಯಲ್ಲಿ, ಪಾಲು ತೆಗೆದುಕೊಳ್ಳಬಹುದು. ಹನ್ನೊಂದು ವರ್ಷದಿಂದ ಈ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮ ಸಭೆಯ ಪಾದ್ರಿ ಅಯ್ಯನವರು ಹೇಳಿದರು, ಬೇಡ ಅನ್ನೋಕೆ ಬಾಯಿ ಬರಲಿಲ್ಲ, ಅಷ್ಟೇ.

ಮೊದಲ ವರ್ಷ, ಮೊದಲ ದಿನ, ಬೋರ್ಡ್ ಮೇಲೆ ‘ಪಾಪ’ ಅಂತ ಬರೆದು, ಹಂಗಂದ್ರೆ ಏನು ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಯಾರಾದ್ರೂ ಬಿದ್ರ ‘ಅಯ್ಯೋ ಪಾಪ’ ಅಂತೀವಲ್ರಿ ಸರ್, ಅದು." ಎಲ್ಲರೂ ನಕ್ಕರು. ನಾನು ಅವನನ್ನು ಗದರಿಸಿ ಕೂರಿಸಿದೆ. ಆಮೇಲೆ ಹತ್ತು ಆಜ್ಞೆ ಬರೆಸಿ, ಒಂದೊಂದರ ಎದುರಿಗೆ ತಪ್ಪುಗಳ ಪಟ್ಟಿ ಮಾಡಿಸಿದೆ. ಸುಳ್ಳು ಹೇಳುವುದು, ಕದಿಯುವುದು, ಅಪ್ಪ ಅಮ್ಮನಿಗೆ ಎದುರು ಮಾತಾಡುವುದು. ಒಬ್ಬ ಹುಡುಗಿ ಮುಂದಿನ ವಾರ ತನ್ನದೇ ಪಟ್ಟಿ ಬರೆದು ತಂದಳು. ಹದಿನಾಲ್ಕು ಪಾಪ. ಕೊನೆಯದು ‘ಅಮ್ಮನ ಮೊಬೈಲ್ ಸುಮ್ನೆ ನೋಡಿದ್ದು’. ಇಷ್ಟೂ ಬಿಟ್ಟರೆ ನಾನು ಪಾಸಾ ಸರ್, ಅಂತ ಕೇಳಿದಳು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕಲಿಸಿದ್ದೇ ಹಾಗಿತ್ತು, ಪರೀಕ್ಷೆ ತರಹ.

ಅಯ್ಯನವರನ್ನು ಕೇಳಿದೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪಾಪಕ್ಕೆ ಜಾಸ್ತಿ ಬಳಸಿರುವ ಪದ ‘ಹಮಾರ್ತಿಯಾ’, ಗುರಿ ತಪ್ಪುವುದು ಅನ್ನೋ ಅರ್ಥದಿಂದ ಬಂದದ್ದು ಅಂದರು. ಅದನ್ನು ತರಗತಿಯಲ್ಲಿ ಹೇಳಿದೆ, ಮಕ್ಕಳು ಬರೆದುಕೊಂಡರು, ಮರೆತರು. ಆದರೆ ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ ನಡೆಯುತ್ತಿತ್ತಂತೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ನಾವು ‘ತಪ್ಪು’ ಅನ್ನುವ ಕಡೆ ಮತ್ತಾಯನ ಸುವಾರ್ತೆಯ ಗ್ರೀಕಿನಲ್ಲಿ ಇರುವುದು ‘ಸಾಲ’. ಸಾಲ ಅಂದರೆ ನನ್ನ ಕೌಂಟರ್!

ಮುಂದಿನ ಭಾನುವಾರ ಆಜ್ಞೆಗಳ ಪಟ್ಟಿ ಬಿಟ್ಟು ಅಡವಿನ ಕಥೆ ಹೇಳಿದೆ. ಬೀಜ ಗೊಬ್ಬರಕ್ಕೆ ಅಂತ ಒಬ್ಬ ಹೆಣ್ಣುಮಗಳು ಕೊರಳಿನ ಬೋರಮಾಳ ಸರ ತಂದು ಇಡುತ್ತಾಳೆ. ತೂಕ ಮಾಡಿ, ಪೊಟ್ಟಣದಲ್ಲಿ ಹಾಕಿ, ಚೀಟಿ ಕಟ್ಟಿ, ಸೀಲ್ ಮಾಡಿ ತಿಜೋರಿಗೆ ಹಾಕುತ್ತೇವೆ. ಬೋರಮಾಳ ಅವಳದೇ. ಆದರೆ ಮದುವೆಗೆ ಹಾಕಿಕೊಳ್ಳೋಣ ಅಂದರೆ ಆಗಲ್ಲ. ಬಡ್ಡಿ ಬೆಳೆಯುತ್ತದೆ. ಮಳೆ ಕೈಕೊಟ್ಟರೆ ನೋಟಿಸ್, ಆಮೇಲೆ ಹರಾಜು. ಪಾಪ ಅಂದರೆ ಒಂದೊಂದು ತಪ್ಪಿನ ಲೆಕ್ಕ ಅಷ್ಟೇ ಅಲ್ಲ, ಮನುಷ್ಯನೇ ಅಡವಿಗೆ ಬಿದ್ದಿರೋ ಸ್ಥಿತಿ ಅಂದೆ. ತಾನು ದೇವರವನೇ, ಆದರೆ ತನ್ನ ಕೈಯಲ್ಲಿ ತಾನಿಲ್ಲ. ಮಕ್ಕಳಿಗೆ ಒಂದೇ ಏಟಿಗೆ ಗೊತ್ತಾಯಿತು. ಅರ್ಧ ಮಕ್ಕಳ ಮನೆಯ ಚಿನ್ನ ಯಾವುದೋ ಒಂದು ಬ್ಯಾಂಕಿನಲ್ಲಿ ಇದ್ದೇ ಇರುತ್ತದೆ. ‘ಬಿಡಿಸಿಕೊಂಡು ಬರೋದು’ ಅನ್ನೋ ಮಾತನ್ನು ಅವರಿಗೆ ನಾನು ಕಲಿಸಬೇಕಾಗಿರಲಿಲ್ಲ. ನಮ್ಮ ಕನ್ನಡ ಬೈಬಲ್ ಆದ ಸತ್ಯವೇದದಲ್ಲಿ, ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ, ಯೇಸು ತನ್ನ ಪ್ರಾಣವನ್ನೇ ‘ಈಡು’ ಕೊಟ್ಟು ಅನೇಕರನ್ನು ‘ಬಿಡಿಸಿಕೊಳ್ಳುವ’ ಮಾತು ಬರುತ್ತದೆ. ಎರಡೂ ನಮ್ಮ ಕೌಂಟರ್‌ನ ಪದಗಳೇ.

ಕೆಲವು ವರ್ಷದ ಮೇಲೆ ಇದೇ ಪಾಠದಲ್ಲಿ ಒಬ್ಬಳು ಕೇಳಿದಳು. "ಈಡು ಯಾರಿಗೆ ಕೊಟ್ರು ಸರ್? ಸೈತಾನ ಬ್ಯಾಂಕ್ ಮ್ಯಾನೇಜರ್ರಾ?"

ನಗು ಬಂತು, ಆದರೆ ಇದು ಹಳೆಯ ಜಗಳ. ಮೊದಲ ಶತಮಾನಗಳ ಕೆಲವು ಗುರುಗಳು ಸೈತಾನನಿಗೇ ಕೊಟ್ಟದ್ದು ಅಂದಿದ್ದರು. ನಾಲ್ಕನೇ ಶತಮಾನದ ನಾಜಿಯಾಂಜಸ್‌ನ ಗ್ರೆಗೊರಿ ಅನ್ನೋ ಬಿಷಪ್, ಕಳ್ಳನಿಗೆ ದೇವರು ಹಣ ಕೊಡೋದಾ ಅಂತ ಸಿಟ್ಟಾಗಿ ಅದನ್ನು ತಳ್ಳಿಹಾಕಿದ. ಹನ್ನೊಂದನೇ ಶತಮಾನದ ಕೊನೆಗೆ ಆನ್ಸೆಲ್ಮ್ ಅನ್ನೋ ಇನ್ನೊಬ್ಬ ಗುರು ಬೇರೆ ದಾರಿ ಹಿಡಿದ. ಮನುಷ್ಯ ದೇವರಿಗೆ ಸಲ್ಲಿಸಬೇಕಾದ ಮರ್ಯಾದೆಯೇ ಆ ಸಾಲ, ತೀರಿಸಬೇಕಾದವನು ಮನುಷ್ಯ, ತೀರಿಸೋ ಶಕ್ತಿ ಇರೋದು ದೇವರಿಗೆ ಮಾತ್ರ, ಅದಕ್ಕೇ ಎರಡೂ ಆಗಿರುವವನು ಬೇಕಾಯಿತು ಅಂದ. ಬೈಬಲ್ ಮಾತ್ರ ಈಡು ಯಾರ ಕೈ ಸೇರಿತು ಅಂತ ಹೇಳುವುದೇ ಇಲ್ಲ. ನಾನು ಮಕ್ಕಳಿಗೆ ಸಾಲ ಮನ್ನಾದ ಉದಾಹರಣೆ ಕೊಟ್ಟೆ. 2018ರಲ್ಲಿ ಬೆಳೆ ಸಾಲ ಮನ್ನಾ ಆದಾಗ ರೈತ ಕಟ್ಟಲಿಲ್ಲ, ನಿಜ. ಹಾಗಂತ ಸಾಲ ಗಾಳಿಯಲ್ಲಿ ಕರಗಲಿಲ್ಲ. ಸರ್ಕಾರ ತನ್ನ ಖಜಾನೆಯಿಂದ ತುಂಬಬೇಕಾಯಿತು. ಕ್ಷಮಿಸಿದವನು ನಷ್ಟ ಹೊರುತ್ತಾನೆ. ಶಿಲುಬೆ ಅಂದರೆ ನನಗೆ ಅರ್ಥ ಆಗೋದು ಅಷ್ಟು. "ಅದಕ್ಕ ಆಧಾರ್ ಕಾರ್ಡು, ರೇಷನ್ ಕಾರ್ಡು ಎಲ್ಲಾ ಕೇಳಿದ್ರಲ್ರಿ," ಅಂದ ಒಬ್ಬ. ಇಲ್ಲಿ ಕೇಳಲ್ಲಪ್ಪ, ಅದೇ ಕೃಪೆ ಅಂದೆ. ಆ ವರ್ಷ ನಾನು ಹೇಳಿದ್ದರಲ್ಲಿ ಮಕ್ಕಳು ನೆನಪಿಟ್ಟುಕೊಂಡ ಸಾಲು ಇದೊಂದೇ ಇರಬೇಕು.

ಕೃಪೆ ಅನ್ನೋ ಪದದ ಕಥೆ ಬೇರೆ. ಲಾರಿ ಮೇಲೆ, ಮನೆ ಹೆಸರಿನಲ್ಲಿ, ಎಲ್ಲ ಕಡೆ ಇದೆ. ಅದಕ್ಕೇ ಅದು ಕಿವಿಗೆ ಬಿದ್ದರೂ ಒಳಗೆ ಇಳಿಯಲ್ಲ. ಕಥೋಲಿಕರ ಮನೆಯ ಒಬ್ಬ ಹುಡುಗಿ ನಮ್ಮ ಮಕ್ಕಳ ಜೊತೆ ಕೆಲವು ವಾರ ಬಂದಿದ್ದಳು. ಅವರ ಜಪದಲ್ಲಿ ಇದಕ್ಕೆ ‘ವರಪ್ರಸಾದ’ ಅನ್ನುತ್ತಾರೆ ಅಂದಳು. ಆ ಪದ ನನಗೆ ನಮ್ಮದಕ್ಕಿಂತ ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಪ್ರಸಾದವನ್ನು ಯಾರೂ ದುಡಿದು ತರಲ್ಲ, ಅಲ್ವಾ? ಕೈ ಒಡ್ಡುತ್ತೇವೆ, ಅಷ್ಟೇ.

ದ್ರಾಕ್ಷಿತೋಟದ ಸಾಮ್ಯದ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯ ಹೊತ್ತಿಗೆ ನಾನು ಸಿಕ್ಕಿಬಿದ್ದೆ. ಮತ್ತಾಯ ಇಪ್ಪತ್ತನೇ ಅಧ್ಯಾಯ. ಬೆಳಿಗ್ಗೆಯೇ ಬಂದವರಿಗೂ ಸಂಜೆ ಐದಕ್ಕೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಮೆಣಸಿನಕಾಯಿ ಬಿಡಿಸೋಕೆ ಹೋಗುವ ಅಮ್ಮಂದಿರ ಮಕ್ಕಳು ಇದನ್ನು ಒಪ್ಪಲೇ ಇಲ್ಲ. "ಇದು ಬರೋಬ್ಬರಿ ಅಲ್ರಿ ಸರ್. ನಾಳೆ ಯಾರೂ ಮುಂಜಾನೆ ಬರಂಗಿಲ್ಲ." ನಾನು ಯಜಮಾನನ ಪರ ವಾದ ಮಾಡುತ್ತಿದ್ದೆ. ಆಗ ಒಬ್ಬಳು ಗೋಡೆ ಕಡೆ ಬೊಟ್ಟು ಮಾಡಿದಳು. ಅಲ್ಲಿ ನಾನೇ ಹಚ್ಚಿದ ಹಾಜರಿ ಚಾರ್ಟ್ ಇತ್ತು. ಬಂದ ದಿನಕ್ಕೆ ಒಂದು ನಕ್ಷತ್ರ, ವಾಕ್ಯ ಬಾಯಿಪಾಠ ಮಾಡಿದರೆ ಎರಡು. ಜಾಸ್ತಿ ನಕ್ಷತ್ರ ಬಂದವರಿಗೆ ಕ್ರಿಸ್‌ಮಸ್‌ನಲ್ಲಿ ಬಹುಮಾನ.

"ಮತ್ತ ಇದು ಏನ್ರಿ?"

ಆ ವರ್ಷ ಚಾರ್ಟ್ ತೆಗೆದುಹಾಕಿ ಹದಿಮೂರೂ ಮಕ್ಕಳಿಗೆ ಒಂದೇ ತರಹದ ಬೈಬಲ್ ಕೊಟ್ಟೆ. ನವೆಂಬರ್‌ನಲ್ಲಿ ಸೇರಿದ ಹುಡುಗನಿಗೂ ಸಿಕ್ಕಿತು. ಮಾರನೇ ದಿನವೇ ಒಬ್ಬ ತಾಯಿ ಬ್ಯಾಂಕಿಗೇ ಬಂದರು. ಮಗಳು ಒಂದು ವಾರವೂ ತಪ್ಪಿಸಿರಲಿಲ್ಲ. "ಜ್ವರ ಬಂದಾಗಲೂ ಕಳಿಸೀನ್ರಿ ಅಣ್ಣಾರ, ಆಕಿಗೂ ಅದೇ, ಎರಡು ವಾರ ಬಂದವಗೂ ಅದೇನಾ?" ಬೆಳಿಗ್ಗೆ ಬಂದ ಕೂಲಿಯವರು ಬೈಬಲಿನಿಂದ ಎದ್ದು ಬಂದು ನನ್ನ ಕೌಂಟರ್ ಮುಂದೆ ನಿಂತ ಹಾಗಿತ್ತು. ನಾನು ಅವರಿಗೆ ಸಾಮ್ಯ ವಿವರಿಸಲಿಲ್ಲ. ವಿವರಿಸೋ ಧೈರ್ಯ ಬರಲಿಲ್ಲ. ಕೂರಿಸಿ ಚಹಾ ಕೊಡಿಸಿದೆ. ನಿಜ ಹೇಳಬೇಕಂದ್ರೆ ಅವರ ಸಿಟ್ಟು ನನಗೂ ನ್ಯಾಯ ಅನಿಸಿತ್ತು. ಕೃಪೆ ನಮಗೆ ಸಿಕ್ಕರೆ ಚೆಂದ, ಪಕ್ಕದವನಿಗೆ ಸಿಕ್ಕರೆ ಲೆಕ್ಕ ತೆಗೆಯುತ್ತೇವೆ.

ಕಿರಿಯ ಮಗ ಆಸ್ತಿಯ ಪಾಲು ಹಾಳುಮಾಡಿ ಮನೆಗೆ ಮರಳುವ, ಯೇಸುವೇ ಹೇಳಿದ ತಪ್ಪಿಹೋದ ಮಗನ ಕಥೆಯಲ್ಲಿ ದೊಡ್ಡ ಮಗ ಅಂಗಳದಲ್ಲೇ ನಿಂತು ಮುನಿಸಿಕೊಳ್ಳುವುದೂ ಇದಕ್ಕೇ. ಆ ಕಥೆ ಮಾಡುವಾಗ ಒಂದು ಸಲ ನನಗೇ ಮೈ ಜುಂ ಅಂದಿತು. ಕಿರಿಯ ಮಗ ಇನ್ನೂ ದೂರದಲ್ಲಿದ್ದಾನೆ. ಬಾಯಿ ಬಿಟ್ಟಿಲ್ಲ. ಅಪ್ಪ ನೋಡಿದ, ಕನಿಕರ ಉಕ್ಕಿತು, ಓಡಿದ, ಅಪ್ಪಿಕೊಂಡ. ಆಮೇಲೆ ಮಗ ಪಾಪ ಮಾಡಿದ್ದೇನೆ ಅನ್ನುತ್ತಾನೆ. ಮೊದಲು ಅಪ್ಪನ ‘ಅಯ್ಯೋ ಪಾಪ’, ಆಮೇಲೆ ಮಗನ ‘ಪಾಪ’. ಹಿಂದಿನ ಬೆಂಚಿನ ಆ ಹುಡುಗ ಸರಿಯಾಗೇ ಹೇಳಿದ್ದ. ಅವನೀಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಸಿಕ್ಕಾಗ ಹೇಳಿದೆ, ಅವನಿಗೆ ನೆನಪೇ ಇಲ್ಲ.

ಹಾಗಾದ್ರೆ ಏನು ಬೇಕಾದ್ರೂ ಮಾಡಬಹುದಾ ಅನ್ನೋ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಅಪೊಸ್ತಲ ಪೌಲನಿಗೂ ಬಂದಿತ್ತು, ರೋಮಾಪುರದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಎಂದಿಗೂ ಇಲ್ಲ ಅಂತ ಉತ್ತರ ಇದೆ. ಒಡವೆ ಬಿಡಿಸಿಕೊಂಡವರು ಮತ್ತೆ ಅಡವಿಡ್ತಾರಾ ಅಂತ ನಾನು ಒಮ್ಮೆ ಜಾಣತನದಿಂದ ಕೇಳಿದೆ. ಇಡ್ತಾರ್ರಿ, ಅಂದರು ಎಲ್ಲರೂ ಒಟ್ಟಿಗೆ. ನಿಜವೇ. ಮೂರು ತಿಂಗಳಿಗೆ ಅದೇ ಬೋರಮಾಳ, ಅದೇ ಕೈ. ಆ ಉದಾಹರಣೆ ಆಮೇಲೆ ಬಿಟ್ಟೆ. ಅಥವಾ ಬಿಡಬಾರದಿತ್ತೋ ಏನೋ.

ಈ ವರ್ಷ ಮತ್ತಾಯ ಹದಿನೆಂಟನೇ ಅಧ್ಯಾಯವನ್ನು ಲೆಕ್ಕದ ಪಾಠ ಮಾಡಿದೆ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿದ್ದ ಆಳು ಪೂರ್ತಿ ಮನ್ನಾ ಮಾಡಿಸಿಕೊಂಡು ಹೊರಗೆ ಬರುತ್ತಾನೆ. ಬಂದವನು ತನಗೆ ನೂರು ದಿನಾರಿ ಕೊಡಬೇಕಿದ್ದ ಗೆಳೆಯನ ಕುತ್ತಿಗೆ ಹಿಡಿಯುತ್ತಾನೆ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಮಕ್ಕಳೇ ಗುಣಿಸಿದರು. 6 ಕೋಟಿ ದಿನದ ಕೂಲಿ. ದಿನಕ್ಕೆ 400 ರೂಪಾಯಿ ಹಿಡಿದರೆ 2,400 ಕೋಟಿ. ಒಂದು ದಿನವೂ ಬಿಡದೆ ದುಡಿದರೆ 1,64,000 ವರ್ಷಕ್ಕಿಂತ ಜಾಸ್ತಿ. ಬೋರ್ಡ್ ಮೇಲೆ ಸೊನ್ನೆ ಎಣಿಸಿ ಎಣಿಸಿ ಸುಸ್ತಾದರು. ಗೆಳೆಯನ ಸಾಲ 40,000. ಅದೂ ಸಣ್ಣದೇನಲ್ಲ ಅಂತ ಒಬ್ಬ ಅಂದ. ಸರಿಯಾದ ಮಾತು. ನಮಗೆ ಆದ ಅನ್ಯಾಯ ಸಣ್ಣದು ಅಂತ ಯೇಸು ಹೇಳಲಿಲ್ಲ, ನೂರು ದಿನದ ಕೂಲಿ ಅಂದ.

"ನಿಮಗ ಯಾರರ ಕೊಡೋದು ಐತೇನ್ರಿ ಸರ್?" ಅಂತ ಅವನೇ ಕೇಳಿದ. ಹೊತ್ತಾಯ್ತು, ಪ್ರಾರ್ಥನೆ ಮಾಡೋಣ ಅಂದೆ.

ಐತಿ. ನನ್ನ ಚಿಕ್ಕಪ್ಪನ ಮಗ 2021ರಲ್ಲಿ ಮಗಳ ಫೀಸಿಗೆ ಅಂತ 25,000 ತೆಗೆದುಕೊಂಡ. ಆಮೇಲೆ ಮದುವೆ ಮುಂಜಿಯಲ್ಲಿ ಎದುರಾದರೂ ಇಬ್ಬರೂ ಬೇರೆ ಕಡೆ ನೋಡುತ್ತೇವೆ. ಮಕ್ಕಳು ಹೋದ ಮೇಲೆ ಬೋರ್ಡ್ ಒರೆಸುತ್ತಾ ಭಾಗಿಸಿ ನೋಡಿದೆ. ಅರವತ್ತೆರಡೂವರೆ ದಿನಾರಿ. ಕ್ರಿಸ್‌ಮಸ್‌ಗೆ ಅವರ ಮನೆಗೆ ಒಂದು ಡಬ್ಬಿ ಕರ್ಚಿಕಾಯಿ ಕಳಿಸಿದೆ. ಡಬ್ಬಿ ವಾಪಸ್ ಬಂತು, ಒಳಗೆ ಅವರ ಮನೆಯ ಚಕ್ಕುಲಿ ಇತ್ತು. ದುಡ್ಡಿನ ಮಾತು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಡೈರಿಯಲ್ಲಿ ಆ ಸಾಲು ಇನ್ನೂ ಹಾಗೇ ಇದೆ.