ಒರೆಸುವ ಮೊದಲು ನೋಡಬೇಕಾದ್ದು: ಗುರುತು ಸಿಗದ ಹಳೆ ಕಟ್ಟಿಗೆ ಸಾಮಾನು

ಹಳೆ ಮನೆ ಬಿಚ್ಚಿದಾಗ ಅಟ್ಟದಿಂದ ಇಳಿದ ಸಾಮಾನಿಗೆ ಮೊದಲು ಬೀಳುವುದು ಒದ್ದೆ ಬಟ್ಟೆ, ಆಮೇಲೆ ಪಾಲಿಶ್ ಪೇಪರ್. ಅದು ಯಾವ ಕೆಲಸದ್ದು, ಎಲ್ಲಿಯದು ಎಂದು ಹೇಳುವ ಗುರುತುಗಳಲ್ಲಿ ಹೆಚ್ಚಿನವು ಆ ಎರಡರಲ್ಲೇ ಅಳಿಸಿಹೋಗುತ್ತವೆ. ಅದಕ್ಕೇ ನಾನು ಮೊದಲ ದಿನ ಯಾವ ಸಾಮಾನನ್ನೂ ಒರೆಸುವುದಿಲ್ಲ. ಬಾಗಿಲ ಬೆಳಕಿಗೆ ತಂದು, ಬೋರಲು ಹಾಕಿ, ಅಡಿಯಿಂದ ನೋಡಲು ಶುರು ಮಾಡುತ್ತೇನೆ. ಮುಂದಿನ ಮುಖಕ್ಕೆ ಪ್ರತಿ ತಲೆಮಾರಿನವರೂ ಬಣ್ಣ ಬಳಿದಿರುತ್ತಾರೆ. ಅಡಿಯನ್ನೂ ಬೆನ್ನನ್ನೂ ಯಾರೂ ಮುಟ್ಟಿರುವುದಿಲ್ಲ.

ಚೀಲದಲ್ಲಿ ಇರಬೇಕಾದ್ದು ಬಹಳವಿಲ್ಲ: ಟಾರ್ಚು, 10 ಪಟ್ಟು ದೊಡ್ಡದಾಗಿ ಕಾಣುವ ಭೂತಗನ್ನಡಿ, ಸಣ್ಣ ಅಯಸ್ಕಾಂತ, ವರ್ನಿಯರ್ (ಮಿ.ಮೀ.ಗಿಂತ ಸಣ್ಣ ಅಳತೆ ಹಿಡಿಯುವ ಸಾಧನ), ಇಂಚು ಇರುವ ಟೇಪು, ಕೈಗನ್ನಡಿ, ಹತ್ತಿ ಸುತ್ತಿದ ಕಡ್ಡಿ, ಸ್ವಲ್ಪ ಸ್ಪಿರಿಟ್, 365 ನ್ಯಾನೋಮೀಟರಿನ ಯುವಿ (ನೇರಳಾತೀತ) ಟಾರ್ಚು. ಅಗ್ಗದ 395ರ ಯುವಿ ಟಾರ್ಚಿನಲ್ಲಿ ನೇರಳೆ ಬೆಳಕೇ ಕಣ್ಣಿಗೆ ಹೊಡೆಯುತ್ತದೆ, ಪಾಲಿಶಿನ ಹೊಳಪು ಸರಿಯಾಗಿ ಕಾಣುವುದಿಲ್ಲ.

ವಯಸ್ಸನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ತಿಳಿಯಬೇಕಾದ್ದು ಅದು ಮಾಡುತ್ತಿದ್ದ ಕೆಲಸ. ಮನೆಯವರನ್ನು ‘ಇದು ಎಷ್ಟ ಹಳೇದ್ರಿ?’ ಅಂದರೆ ‘ಮುತ್ಯಾನ ಕಾಲದ್ದರೀ’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು ‘ಯವ್ವಾ, ಇದನ್ನ ಪಡಸಾಲ್ಯಾಗ ಇಡ್ತಿದ್ರೋ, ಅಡಗಿಮನ್ಯಾಗೋ? ಗ್ವಾಡಿಗೆ ಹಚ್ಚಿ ಇಡ್ತಿದ್ರೋ, ನಡುವ ಇರತಿತ್ತೋ?’ ಎಂದು ಕೇಳಬೇಕು. ಬಂದ ಉತ್ತರವನ್ನು ಸಾಮಾನಿನ ಬೆನ್ನಿನ ಜೊತೆ ತಾಳೆ ನೋಡಬಹುದು. ಗೋಡೆಗೆ ಹಚ್ಚಿ ಇಡುವ ಸಾಮಾನಿನ ಹಿಂದಿನ ಹಲಗೆಗೆ ಬಡಿಗೇರರು ರಂದಾ ಸರಿಯಾಗಿ ಹೊಡೆದಿರುವುದಿಲ್ಲ. ನಾಲ್ಕೂ ಕಡೆ ನಯವಾಗಿದ್ದರೆ ಅದು ಕೋಣೆಯ ನಡುವೆ ನಿಂತಿದ್ದ ವಸ್ತು.

ಬೆಳಗಾವಿಯ ಕ್ಯಾಂಪ್ (ದಂಡು) ಭಾಗದ ಹಳೆ ಬಂಗಲೆಗಳಲ್ಲಿ ಸಿಗುವಂಥ ಒಂದು ವಸ್ತುವನ್ನು ತೆಗೆದುಕೊಳ್ಳಿ. 8ರಿಂದ 10 ಅಡಿ ಉದ್ದ, ಒಂದು ಅಡಿಯ ಆಸುಪಾಸು ಅಗಲ, ಮುಕ್ಕಾಲು ಇಂಚು ದಪ್ಪದ ಸಾಗವಾನಿ ಹಲಗೆ. ಮೇಲಿನ ಅಂಚಿನಲ್ಲಿ ಎರಡು ಮೂರು ಕಬ್ಬಿಣದ ಬಳೆ. ಜೋಕಾಲಿ ಮಣೆ ಎಂದು ಮಾರುತ್ತಾರೆ. ಜೋಕಾಲಿಗೆ ಮೂಲೆಗೊಂದರಂತೆ ನಾಲ್ಕು ಕೊಂಡಿ ಇರುತ್ತದೆ, ಜನ ಕೂರುವುದರಿಂದ ಹಲಗೆ ಒಂದೂವರೆ ಇಂಚಿಗೆ ಕಡಿಮೆ ಇರುವುದಿಲ್ಲ, ಕೂತ ಮುಖ ಸವೆದು ನುಣುಪಾಗಿರುತ್ತದೆ. ಈ ಹಲಗೆಯಲ್ಲಿ ಎರಡೂ ಮುಖಕ್ಕೆ ಒಂದೇ ಪಾಲಿಶ್, ಎಲ್ಲಿಯೂ ಸವೆತವಿಲ್ಲ. ಈಗ ಕೆಳಗಿನ ಅಂಚಿನ ಮೇಲೆ ಬೆರಳಾಡಿಸಿ. ಒಂದೊಂದೂವರೆ ಇಂಚಿಗೆ ಒಂದರಂತೆ ಸಣ್ಣ ಮೊಳೆ ತೂತುಗಳ ಸಾಲು ತಾಗುತ್ತದೆ; ಭೂತಗನ್ನಡಿ ಹಿಡಿದರೆ ಕೆಲವು ತೂತಿನಲ್ಲಿ ನೂಲಿನ ಎಳೆ ಇನ್ನೂ ಸಿಕ್ಕಿಕೊಂಡಿರುತ್ತದೆ. ಅಲ್ಲಿ ಬಟ್ಟೆಯ ಝಾಲರಿ ಹೊಡೆದಿದ್ದರು. ಹಲಗೆಯ ಮುಖದ ನಡುವೆ ಒಂದೇ ಒಂದು ಕೊಂಡಿ ಇದ್ದರೆ ಅದು ಹಗ್ಗ ಕಟ್ಟಲು. ಇದು ಕೈಯಿಂದ ಎಳೆಯುವ ಪಂಖಾ. ಮಾಳಿಗೆಯಿಂದ ಇಳಿಬಿಟ್ಟು, ಗೋಡೆಯ ತೂತಿನಿಂದ ಹಗ್ಗ ಹಾಯಿಸಿ, ಹೊರಗೆ ಕೂತ ಆಳು ಎಳೆಯುತ್ತಿದ್ದ. ಬಳೆಗಳ ಒಳಸುತ್ತು ನೋಡಿದರೆ ತೂಗಾಡಿದ ದಿಕ್ಕಿನಲ್ಲೇ ಕಬ್ಬಿಣ ತೆಳುವಾಗಿರುತ್ತದೆ. ಆ ಸವೆತವಿಲ್ಲದೆ ಬಳೆ ಮಾತ್ರ ಇದ್ದರೆ ಬಳೆ ಆಮೇಲೆ ಹಾಕಿದ್ದು.

ತಿರುಗುವ ಭಾಗ ಇರುವ ವಸ್ತುವಾದರೆ ಲೆಕ್ಕ ಹಾಕಬೇಕು, ಕಣ್ಣಳತೆ ಸಾಲದು. ದೊಡ್ಡ ಪುಸ್ತಕದ ಆಕಾರದ, ಬಿಜಾಗ್ರಿ ಇರುವ ಕಟ್ಟಿಗೆ ಪೆಟ್ಟಿಗೆ. ತೆರೆದರೆ ಒಳಗೆ ಮಲಗಿಸಿದ ಎರಡು ಚಕ್ರ, ಒಂದು ದೊಡ್ಡದು, ಒಂದು ಸಣ್ಣದು. ಇದನ್ನು ಆಟಿಗೆ ಸಾಮಾನು ಅನ್ನುವವರೂ ಇದ್ದಾರೆ, ಗ್ರಾಮೋಫೋನಿನ ಭಾಗ ಅನ್ನುವವರೂ ಇದ್ದಾರೆ. ಚಕ್ರದ ಅಂಚಿನಲ್ಲಿ ದಾರ ಕೂರುವ ತೋಡು ಇದೆಯೇ, ಅದರ ತಳ ಮಿಂಚುತ್ತದೆಯೇ ನೋಡಿ. ಆಮೇಲೆ ವರ್ನಿಯರ್ ಹಿಡಿಯಿರಿ. ದೊಡ್ಡ ಚಕ್ರ 8 ಇಂಚು, ಸಣ್ಣ ಚಕ್ರದ ನಡುವಿನ ಗುಂಬ 1 ಇಂಚು ಎಂದಿಟ್ಟುಕೊಳ್ಳಿ. ಕೈಯಿಂದ ಒಂದು ಸುತ್ತು ತಿರುಗಿಸಿದರೆ ಸಣ್ಣದು 8 ಸುತ್ತು ಸುತ್ತುತ್ತದೆ. ಸಣ್ಣದರ ಅಂಚು 5 ಇಂಚಿದ್ದು ಅದರ ದಾರ ಅರ್ಧ ಇಂಚಿನ ಗಾಲಿಗೆ ಹೋದರೆ ಇನ್ನೂ 10 ಪಟ್ಟು. ಒಟ್ಟು 80 ಸುತ್ತು. ಕೈಯ ಒಂದು ಸುತ್ತಿಗೆ ಅಷ್ಟು ವೇಗ ಬೇಕಾಗುವ ಮನೆಬಳಕೆಯ ಕೆಲಸ ನೂಲುವುದು. ಚಕ್ರ ಎತ್ತಿದರೆ ಅಡಿಯಲ್ಲಿ ಎಣ್ಣೆ ಕುಡಿದ ಹತ್ತಿಯ ನವಿರು ಉಂಡೆಗಟ್ಟಿರುತ್ತದೆ, ಕದಿರು (ನೂಲು ಸುತ್ತಿಕೊಳ್ಳುವ ಕಡ್ಡಿ) ಇಡುವ ಉದ್ದನೆಯ ಗುಳಿಯೂ ಕಾಣುತ್ತದೆ. ಇದು ಪೆಟ್ಟಿಗೆ ಚರಕ, ಯರವಡಾ ಚರಕ.

ಇಲ್ಲಿ ಬೆಳಗಾವಿಯವರು ಬಹಳ ಎಚ್ಚರ ವಹಿಸಬೇಕು. ಇಂಥ ಪೆಟ್ಟಿಗೆ ಸಿಕ್ಕರೆ ‘1924ರ ಕಾಂಗ್ರೆಸ್ ಅಧಿವೇಶನದ್ದು’ ಎಂಬ ಮಾತು ಅಂಟಿಕೊಳ್ಳುತ್ತದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಅಧಿವೇಶನ ಇಲ್ಲಿ ನಡೆದದ್ದು, ಹಾಗಾಗಿ ಆ ಆಸೆ ಸಹಜ. ಆದರೆ ಎರಡು ಚಕ್ರದ ಈ ಮಡಚುವ ಪೆಟ್ಟಿಗೆ ರೂಪುಗೊಂಡದ್ದು 1930ರ ದಶಕದ ಆರಂಭದಲ್ಲಿ, ಅವರು ಯರವಡಾ ಜೈಲಿನಲ್ಲಿದ್ದಾಗ. ನಿಂತ ದೊಡ್ಡ ಗಾಲಿಯ ರಾಟಿಯಾಗಿದ್ದರೆ 1924ರ ಮಾತನ್ನು ಪರಿಶೀಲಿಸಬಹುದು, ಪೆಟ್ಟಿಗೆಯಾಗಿದ್ದರೆ ಆಗದು. ಹುದಲಿಯಂಥ ಖಾದಿಯ ಊರು ಹತ್ತಿರವೇ ಇರುವಾಗ, ಅಧಿವೇಶನದ ಹೆಸರಿಲ್ಲದೆಯೂ ಅದು ಅಮೂಲ್ಯ ವಸ್ತುವೇ. ಸುಳ್ಳು ವರ್ಷ ಅಂಟಿಸಿ ಅದನ್ನು ಕೆಡಿಸಬಾರದು.

ಬಾಗಲಕೋಟೆಯ ಕಡೆ ಬೇರೆಯೇ ತೊಡಕು. ಆಲಮಟ್ಟಿ ಹಿನ್ನೀರಿಗೆ ಮನೆಗಳು ಹೋದಾಗ ತೊಲೆ, ಕಂಬ, ಬಾಗಿಲು ಬಿಚ್ಚಿ ತಂದರು. ಅಂಥ ಕಟ್ಟಿಗೆಯಿಂದ ಆಮೇಲೆ ಮೇಜು, ಬೆಂಚು, ಕಪಾಟು ಮಾಡಿದರೆ ಕಟ್ಟಿಗೆ ನಿಜಕ್ಕೂ ಹಳೇದು, ಸಾಮಾನು ಹೊಸದು. ಮೋಸದ ಉದ್ದೇಶ ಇರಬೇಕೆಂದೇನಿಲ್ಲ, ಆದರೆ ಗುರುತು ಹಿಡಿಯುವವರು ಇಲ್ಲಿ ಎಡವುತ್ತಾರೆ. ನಾನು ಹುಡುಕುವುದು ಅರ್ಥವಿಲ್ಲದ ತೂತುಗಳನ್ನು: ಮೇಜಿನ ಕಾಲಿನ ನಡುವೆ, ಏನೂ ಕೂಡದ ಜಾಗದಲ್ಲಿ, ಕಟ್ಟಿಗೆ ತುಂಡು ಹೊಡೆದು ಮುಚ್ಚಿದ ಚೌಕ ತೂತು ಇದ್ದರೆ ಅದು ಹಿಂದೆ ಕಂಬವೋ ತೊಲೆಯೋ ಆಗಿತ್ತು. ಒಂದು ಮುಖಕ್ಕೆ ಮಾತ್ರ ಒಲೆಯ ಹೊಗೆ ಕುಡಿದ ಕಪ್ಪು, ಕಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ಸುಣ್ಣ, ಮೊಳೆ ಇಲ್ಲದ ಕಡೆ ಕಬ್ಬಿಣದ ಕರಿ ಕಲೆ, ಇವೂ ಅದನ್ನೇ ಹೇಳುತ್ತವೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಹುಳ ತಿಂದ ಜಾಗ. ಹುಳ ಹೊರಬಂದರೆ ಮೇಲೆ ದುಂಡು ತೂತು ಮಾತ್ರ ಕಾಣಬೇಕು. ಅದರ ಬದಲು ಉದ್ದಕ್ಕೆ ಸೀಳಿದ ಸುರಂಗ ಮೇಲ್ಮೈಯಲ್ಲೇ ತೆರೆದು ಬಿದ್ದಿದ್ದರೆ, ಹುಳ ತಿಂದ ಮೇಲೆ ಆ ಕಟ್ಟಿಗೆ ಕೊಯ್ದಿದ್ದಾರೆ.

ಗುಳೇದಗುಡ್ಡ, ಇಳಕಲ್ಲಿನ ಕಡೆ ಮಗ್ಗದ ತುಂಡುಗಳೂ ಹೀಗೇ ಬೆಂಚಿನ ಕಾಲೋ ತೊಲೆಯೋ ಆಗಿ ಸೇರಿಕೊಂಡಿರುತ್ತವೆ. ಚೌಕಾಕಾರದ ಉದ್ದ ಕಟ್ಟಿಗೆ, ತುದಿಗಳು ಮಾತ್ರ ದುಂಡು, ಒಂದು ತುದಿಯ ಬಳಿ ಕೋಲು ತೂರಿಸುವ ತೂತುಗಳು, ಉದ್ದಕ್ಕೆ ಒಂದು ತೆಳು ತೋಡು: ಇದು ಕುಣಿಮಗ್ಗದಲ್ಲಿ (ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಮಗ್ಗ) ನೇಯ್ದ ಬಟ್ಟೆ ಸುತ್ತುವ ದಿಂಡು.

ಕೆಲಸ ತಿಳಿದ ಮೇಲೆ ವಯಸ್ಸು. ಒಂದು ಬಿಜಾಗ್ರಿಯ ಒಂದೇ ಸ್ಕ್ರೂ ತೆಗೆಯುತ್ತೇನೆ, ಎಲ್ಲವನ್ನೂ ಅಲ್ಲ. ಸೀಳಿನ ಕೊಳೆ ಸೂಜಿಯಿಂದ ತೆಗೆದು, ಸರಿಯಾಗಿ ಕೂಡುವ ಸ್ಕ್ರೂಡ್ರೈವರ್ ಇಟ್ಟು, ಮೊದಲು ಬಿಗಿಯ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲ ಮಾಡಬೇಕು. ನೇರ ಸಡಿಲಿಸಲು ಹೋದರೆ ಹಿತ್ತಾಳೆ ಸ್ಕ್ರೂ ತಲೆ ಮುರಿದು ಕೈಗೆ ಬರುತ್ತದೆ. ತುದಿ ಮೊಂಡಾಗಿದ್ದು, ತಲೆಯ ಸೀಳು ನಡುವೆ ಇಲ್ಲದೆ ಪಕ್ಕಕ್ಕೆ ಸರಿದಿದ್ದರೆ ಅದು ಹಳೆಯ ಕಾಲದ್ದು. ಚೂಪು ತುದಿಯ ಸ್ಕ್ರೂ ಯಂತ್ರದಲ್ಲಿ ತಯಾರಾಗಿ ಹರಡಿದ್ದು 1840ರ ದಶಕದ ಕೊನೆಯಿಂದ ಈಚೆಗೆ. ಪ್ಲಸ್ ತಲೆಯದು 1930ರ ದಶಕಕ್ಕಿಂತ ಹಿಂದೆ ಇರಲಾರದು. ಆದರೆ ಒಂದು ಹೊಸ ಸ್ಕ್ರೂ ಕಂಡ ಕೂಡಲೇ ಸಾಮಾನನ್ನೇ ಹೊಸದು ಅನ್ನಬಾರದು. ಬಿಜಾಗ್ರಿ ಎತ್ತಿ ಅಡಿಯ ಬಣ್ಣ ನೋಡಿ. ಬಿಜಾಗ್ರಿಯ ಅಚ್ಚು ತಿಳಿ ಬಣ್ಣದಲ್ಲಿ ಸರಿಯಾಗಿ ಕೂತಿದ್ದರೆ ಅದು ಮೂಲದ್ದು. ಬೇರೆ ಆಕಾರದ ನೆರಳು, ಮುಚ್ಚಿದ ತೂತು ಕಂಡರೆ ಬದಲಾಯಿಸಿದ್ದಾರೆ. ಹಿತ್ತಾಳೆ ಎಂದು ಹೇಳಿದ್ದಕ್ಕೆ ಅಯಸ್ಕಾಂತ ಅಂಟಿದರೆ ಅದು ಕಬ್ಬಿಣದ ಮೇಲಿನ ಲೇಪ.

ಮುದ್ರೆ ಸಿಕ್ಕರೆ ಅದಕ್ಕಿಂತ ಖಚಿತವಾದ್ದು ಇಲ್ಲ. ವಿಜಯಪುರ, ಬಾಗಲಕೋಟೆಯ ರೈಲ್ವೆ ಸಾಮಾನಿನಲ್ಲಿ ಎಸ್.ಎಂ.ಆರ್. ಎಂದಷ್ಟೇ ಇದ್ದರೆ ಅದು ಸದರ್ನ್ ಮರಾಠಾ ರೈಲ್ವೆ, ಅಂದರೆ 1908ಕ್ಕೆ ಮುಂಚಿನದು. ಅದರ ಮೊದಲಿಗೆ ಇನ್ನೊಂದು ಎಂ. ಅಕ್ಷರ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಗಿದ್ದರೆ 1908ರಿಂದ 1951ರ ಏಪ್ರಿಲ್‌ವರೆಗಿನದು. ಆಮೇಲೆ ಅದು ದಕ್ಷಿಣ ರೈಲ್ವೆಯಲ್ಲಿ ಸೇರಿತು. ದಂಡಿನ ಸಾಮಾನಿನಲ್ಲಿ ಮೇಲ್ಮುಖವಾದ ಬಾಣದ ಗುರುತು ಬ್ರಿಟಿಷ್ ಸರಕಾರದ ಸ್ವತ್ತು ಎಂಬುದಕ್ಕೆ. ಬಣ್ಣದಡಿ ಮುಚ್ಚಿಹೋದ ಮುದ್ರೆಯನ್ನು ಕೆರೆಯಬೇಡಿ. ಟಾರ್ಚನ್ನು ಹಲಗೆಗೆ ಸಮವಾಗಿ ಪಕ್ಕದಿಂದ ಹಿಡಿದರೆ ಅಕ್ಷರದ ತಗ್ಗಿಗೆ ನೆರಳು ಬಿದ್ದು ಓದಲು ಬರುತ್ತದೆ.

ಅಂಗಡಿಯ ಗಲ್ಲಾ ಪೆಟ್ಟಿಗೆಯಲ್ಲಿ ನಾಣ್ಯ ಕೂರುವ ದುಂಡು ಗುಳಿಗಳಿದ್ದರೆ ವರ್ನಿಯರ್ ಸಾಕು. ಬೆಳ್ಳಿ ರೂಪಾಯಿ ಸುಮಾರು 30.5 ಮಿ.ಮೀ. ಅಗಲ, ಹಾಗಾಗಿ 32 ಮಿ.ಮೀ. ಗುಳಿ ಅದಕ್ಕೇ ಕೊರೆದದ್ದು. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ; ಗುಳಿಗಳೆಲ್ಲ ಅದಕ್ಕೂ ಹಿಂದಿನ ನಾಣ್ಯದ ಅಳತೆಗೇ ಕೂತರೆ ಪೆಟ್ಟಿಗೆ ಯಾವ ಕಾಲದ್ದು ಎಂಬುದು ಬಹುತೇಕ ಇತ್ಯರ್ಥ. ಸಾಮಾನಿನ ಉದ್ದಗಲ ಇಂಚಿನ ಲೆಕ್ಕಕ್ಕೆ ಸರಿಯಾಗಿದೆ ಎಂಬುದರಿಂದ ಮಾತ್ರ ಏನೂ ಸಾಬೀತಾಗದು, ನಮ್ಮ ಬಡಿಗೇರರು ಇವತ್ತಿಗೂ ಇಂಚಿನಲ್ಲೇ ಅಳೆಯುತ್ತಾರೆ.

ದುಂಡು ತೂತಿನ ಮೇಜು ಕಂಡರೆ ಎತ್ತರ ಅಳೆಯಿರಿ. 30 ಇಂಚಿನ ಹತ್ತಿರವಿದ್ದು ತೂತಿನ ಸುತ್ತ ಸಾಬೂನಿನ ಬಿಳಿ ಕಲೆ ಇದ್ದರೆ ಮುಖ ತೊಳೆಯುವ ಬೋಗುಣಿಯ ಸ್ಟ್ಯಾಂಡು. 16–18 ಇಂಚಿದ್ದು ಮೇಲೆ ಮುಚ್ಚಳವಿದ್ದರೆ ಕಮೋಡ್. ಜಾಳಿಗೆ ಕಪಾಟಿನ ಕಾಲಿಗೆ ತುದಿಯಿಂದ 2–3 ಇಂಚು ನೀರಿನ ಕಲೆ ಇದ್ದರೆ ಅದರಲ್ಲಿ ಹಾಲು, ಅಡಿಗೆ ಇಡುತ್ತಿದ್ದರು. ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುತ್ತಿದ್ದರು. ಆ ಕಲೆಯನ್ನು ಪಾಲಿಶ್ ಮಾಡುವವರು ಮೊದಲು ಉಜ್ಜಿ ತೆಗೆಯುತ್ತಾರೆ, ನನಗೆ ಅದು ಬಹಳ ಬೇಸರದ ವಿಷಯ.

ಕಟ್ಟಿಗೆ ಯಾವುದೆಂದು ಬಣ್ಣದಿಂದ ಹೇಳಬೇಡಿ. ಬಿಚ್ಚಲು ಬರುವ ಒಂದು ಹಲಗೆ ತೂಗಿ. 60 ಸೆಂ.ಮೀ. ಉದ್ದ, 20 ಅಗಲ, 2 ದಪ್ಪ ಇದ್ದರೆ ಸಾಗವಾನಿ ಒಂದೂವರೆ ಕಿಲೋ ಚಿಲ್ಲರೆ ತೂಗುತ್ತದೆ, ಶೀಸಂ ಅಥವಾ ಬೀಟೆ 2 ಕಿಲೋ ಮುಟ್ಟುತ್ತದೆ. ಮಾವು ಸಾಗವಾನಿಯ ತೂಕಕ್ಕೇ ಬರುವುದರಿಂದ ಮರೆಯ ಜಾಗದಲ್ಲಿ ಸ್ವಲ್ಪ ಕೆರೆದು ಮೂಸಬೇಕು. ಸಾಗವಾನಿಗೆ ಚರ್ಮದಂಥ ಎಣ್ಣೆ ವಾಸನೆ, ಮುಟ್ಟಿದರೆ ಜಿಡ್ಡು.

ಪಾಲಿಶನ್ನು ಯುವಿ ಬೆಳಕಿನಲ್ಲಿ, ಕತ್ತಲೆ ಕೋಣೆಯಲ್ಲಿ ನೋಡುತ್ತೇನೆ. ಅರಗಿನ ಪಾಲಿಶ್ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಖಾತ್ರಿಗೆ ಮರೆಯ ಜಾಗದಲ್ಲಿ ಸ್ಪಿರಿಟ್ ಹತ್ತಿಸಿದ ಕಡ್ಡಿಯನ್ನು ಅರ್ಧ ನಿಮಿಷ ಒತ್ತಿದರೆ ಅರಗು ಅಂಟಂಟಾಗಿ ಕಡ್ಡಿಗೆ ಹತ್ತುತ್ತದೆ. ಸ್ಪಿರಿಟ್‌ಗೆ ಜಗ್ಗದೆ ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಇತ್ತೀಚಿನ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್ ಪಾಲಿಶ್ ಎಂದು ನಾನು ಹಿಡಿಯುತ್ತೇನೆ. ಇದನ್ನು ಕಡೆಯಲ್ಲೇ ಮಾಡಬೇಕು, ಸ್ಪಿರಿಟ್ ತಾಗಿದ ಜಾಗ ಮತ್ತೆ ಮೊದಲಿನಂತಾಗುವುದಿಲ್ಲ.

ಕಂಡದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆಯುತ್ತೇನೆ: ಎಲ್ಲಿಂದ ಬಂತು, ಯಾವ ಕೋಣೆಯಲ್ಲಿತ್ತು, ಕಣ್ಣಿಗೆ ಕಂಡ ಗುರುತು ಯಾವುದು, ಮನೆಯವರು ಹೇಳಿದ್ದು ಯಾವುದು. ಕೊನೆಯ ಎರಡನ್ನು ಬೇರೆ ಬೇರೆ ಬರೆಯುವುದು ಮುಖ್ಯ. ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಕಾಗದವನ್ನು ಹತ್ತಿ ದಾರದಿಂದ ಒಳಗಿನ ಕೊಂಡಿಗೆ ಕಟ್ಟಿ. ಪಿನ್ ಹೊಡೆದರೆ ಅದರ ತುಕ್ಕು ಹಲಗೆಗೆ ಇಳಿದು, ಮುಂದೆ ನೋಡುವವರಿಗೆ ಇನ್ನೊಂದು ಸುಳ್ಳು ಗುರುತಾಗಿ ಉಳಿಯುತ್ತದೆ.