ಹಣ್ಣು ತರಕಾರಿ ಸಗಟು ವ್ಯಾಪಾರ: ಕೊಳೆತ ಮಾಲಿನ ನಷ್ಟ ಯಾರ ತಲೆಗೆ?

ಹಣ್ಣು ತರಕಾರಿ ಸಗಟು ವ್ಯಾಪಾರಕ್ಕೆ ಇಳಿಯುವವರು ಮೊದಲು ಕೇಳುವುದು ಕೋಲ್ಡ್ ರೂಮ್ ಎಷ್ಟು ದೊಡ್ಡದಿರಬೇಕು, ಗಾಡಿ ಸ್ವಂತದ್ದು ಬೇಕಾ, ಬಾಡಿಗೆಯದ್ದು ಸಾಕಾ ಅಂತ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಗೋದಾಮಿನಲ್ಲಿ ನೂರು ಕ್ರೇಟ್ ಟೊಮೆಟೊ ಕೊಳೆತರೆ ಆ ನಷ್ಟ ಯಾರದ್ದು?

ಬಹಳ ಜನ ಇದಕ್ಕೆ ತಡವರಿಸುತ್ತಾರೆ. ಯಾಕಂದ್ರೆ ಈ ವ್ಯಾಪಾರದಲ್ಲಿ ನಷ್ಟಕ್ಕೆ ಕಾಲು ಇರುತ್ತದೆ. ಅದು ನಿಂತಲ್ಲಿ ನಿಲ್ಲುವುದಿಲ್ಲ, ಯಾರಿಗೆ ಬಾಯಿ ಕಮ್ಮಿಯೋ ಅವರ ಕಡೆ ನಡೆದು ಹೋಗುತ್ತದೆ. ಬೆಳೆದವರ ಬಿಲ್ಲಿನಲ್ಲಿ ಕಡಿತ ಆಗುತ್ತದೆ, ಇಲ್ಲ ಚಿಕ್ಕ ಅಂಗಡಿಯವರ ಕ್ರೇಟಿನ ತಳಕ್ಕೆ ಸೇರುತ್ತದೆ, ಇಲ್ಲ ಲೋಡ್ ಇಳಿಸುವವರ ಕೂಲಿಯಲ್ಲಿ ಮುರಿದುಕೊಳ್ಳುತ್ತದೆ. ಇದನ್ನು ತಡೆಯಲು ಏನೇನು ಮಾಡಬಹುದು ಅಂತ ಹೇಳ್ತೀನಿ. ನಾನು ಎಡವಿದ್ದನ್ನೂ ಸೇರಿಸಿ.

ಮಾಲು ಬರುವ ಮೊದಲೇ ಬರೆದುಕೊಳ್ಳಿ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನೀವು ಮಾಲನ್ನು ಕೊಳ್ಳುತ್ತಿದ್ದೀರಾ, ಅಥವಾ ಬೆಳೆದವರ ಪರವಾಗಿ ಕಮಿಷನ್ನಿಗೆ ಮಾರಿಕೊಡುತ್ತಿದ್ದೀರಾ? ಕೊಂಡರೆ, ಬಾಗಿಲು ದಾಟಿದ ಮೇಲೆ ಕೊಳೆತದ್ದು ನಿಮ್ಮದು. ಕಮಿಷನ್ ಆದರೆ, ಯಾರಿಗೆ ಎಷ್ಟಕ್ಕೆ ಮಾರಿದಿರಿ ಅನ್ನುವ ಚೀಟಿ ಬೆಳೆದವರಿಗೆ ಕಾಣಬೇಕು. ಬೆಲೆ ಏರಿದಾಗ ‘ನಾನೇ ಕೊಂಡಿದ್ದೆ’, ಇಳಿದಾಗ ‘ನಿಮ್ಮ ಪರವಾಗಿ ಮಾರಿದೆ’ ಅನ್ನುವ ಆಟ ಇದೆಯಲ್ಲ, ಅದನ್ನು ಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯಿತು.

ಒಂದೇ ಪುಟ ಸಾಕು, ವಕೀಲರ ಭಾಷೆ ಬೇಡ. ಯಾವ ಗ್ರೇಡ್, ಯಾವ ಗಾತ್ರ, ಕ್ರೇಟಿನ ತೂಕ ಕಳೆದು ನಿವ್ವಳ ಎಷ್ಟು, ಮಾಲು ಸರಿಯಿಲ್ಲ ಅಂತ ಹೇಳಲು ನಿಮಗೆ ಎಷ್ಟು ಗಂಟೆ ಸಮಯ, ದುಡ್ಡು ಎಷ್ಟು ದಿನಕ್ಕೆ. ಕೊನೆಯದು ಬಹಳ ಮುಖ್ಯ. ಮೂರು ದಿನದಲ್ಲಿ ಖರ್ಚಾಗುವ ಸೊಪ್ಪಿಗೆ ಮೂರು ತಿಂಗಳು ಬಾಕಿ ಇಟ್ಟುಕೊಂಡರೆ ನೀವು ಬೆಳೆಗಾರರಿಂದ ಬಡ್ಡಿಯಿಲ್ಲದ ಸಾಲ ತೆಗೆದುಕೊಂಡ ಹಾಗೆ. ಹಲವು ಕಡೆ ಕಾನೂನು ಇದನ್ನು ಗಮನಿಸಿದೆ. ಯುರೋಪಿಯನ್ ಒಕ್ಕೂಟ 2019ರಲ್ಲಿ ತಂದ ನಿರ್ದೇಶನದ ಪ್ರಕಾರ ದೊಡ್ಡ ಖರೀದಿದಾರರು ತಮಗಿಂತ ಚಿಕ್ಕ ಮಾರಾಟಗಾರರಿಗೆ, ಬೇಗ ಕೆಡುವ ಮಾಲಿಗೆ, 30 ದಿನದೊಳಗೆ ದುಡ್ಡು ಕೊಡಬೇಕು. ಕೊನೇ ಗಳಿಗೆಯಲ್ಲಿ ಆರ್ಡರ್ ರದ್ದು ಮಾಡುವುದಕ್ಕೂ ಅಲ್ಲಿ ತಡೆ ಇದೆ. ಅಮೆರಿಕದಲ್ಲಿ 1930ರ ಕಾಯ್ದೆಯೊಂದಿದೆ. ಬೇರೆ ಲಿಖಿತ ಒಪ್ಪಂದ ಇಲ್ಲದಿದ್ದರೆ, ಮಾಲು ಒಪ್ಪಿಕೊಂಡ 10 ದಿನದೊಳಗೆ ದುಡ್ಡು ಕೊಡಬೇಕು ಅಂತ ಅದರ ನಿಯಮಗಳು ಹೇಳುತ್ತವೆ. ನಿಮ್ಮ ಕಡೆ ಕಾನೂನು ಇರಲಿ ಬಿಡಲಿ, ಒಂದು ದಿನಾಂಕ ನೀವೇ ಹಾಕಿಕೊಳ್ಳಿ. ನಿಮ್ಮ ಗಿರಾಕಿ ಉದ್ರಿ ತೀರಿಸಿಲ್ಲ ಅನ್ನುವುದು ಬೆಳೆದವರಿಗೆ ಕೊಡುವ ಕಾರಣ ಅಲ್ಲ.

ಬಾಗಿಲಲ್ಲಿ ಹದಿನೈದು ನಿಮಿಷ

ಗಾಡಿ ಬಂದ ಕೂಡಲೇ ಎಲ್ಲರಿಗೂ ಅವಸರ. ಆದರೂ ಇಲ್ಲಿ ನಿಲ್ಲಿ. ತಂದವರ ಎದುರಿಗೇ ತೂಕ ಹಾಕಿ, ತಕ್ಕಡಿಯ ಅಂಕಿ ಅವರಿಗೆ ಕಾಣುವ ಹಾಗೆ ತಿರುಗಿಸಿ ಇಡಿ. ಮೇಲಿನ ಕ್ರೇಟ್ ನೋಡಿ ಗ್ರೇಡ್ ಹೇಳಬೇಡಿ. ಮುಂದಿನದು, ನಡುವಿನದು, ಹಿಂದಿನದು, ತಳದ್ದು ತೆಗೆಸಿ ನೋಡಿ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದನ್ನು ಇಟ್ಟುಕೊಳ್ಳಿ, ಹಣ್ಣಿನ ಒಳಗಿನ ಬಿಸಿ ಎಷ್ಟು ಅಂತ ಬರೆದುಕೊಳ್ಳಿ. ಗಾಡಿಯ ಡಿಸ್‌ಪ್ಲೇ ತೋರಿಸುವುದು ಗಾಳಿಯ ಬಿಸಿ, ಮಾಲಿನದ್ದಲ್ಲ. ಫೋಟೋ ತೆಗೆದು ಲಾಟ್ ನಂಬರ್ (ಒಬ್ಬರಿಂದ ಒಂದು ಸಲಕ್ಕೆ ಬಂದ ಮಾಲಿಗೆ ಕೊಡುವ ಗುರುತಿನ ಸಂಖ್ಯೆ), ಗಂಟೆ ಹಾಕಿ ಇಬ್ಬರೂ ಸಹಿ ಮಾಡಿ.

ಈ ಹದಿನೈದು ನಿಮಿಷ ಇಲ್ಲದೆ ನಾನು ಮಾಡಿದ ತಪ್ಪೊಂದಿದೆ. ಶುರುವಿನ ದಿನಗಳಲ್ಲಿ ಜಾಗ ಇಲ್ಲ ಅಂತ ಸೌತೆಕಾಯಿಯನ್ನು ಸೇಬಿನ ಪಕ್ಕದಲ್ಲೇ ಇಟ್ಟಿದ್ದೆ. ಕೆಲವೇ ದಿನದಲ್ಲಿ ಸೌತೆ ಹಳದಿಗೆ ತಿರುಗಿತು. ಬಲಿತ ಮಾಲು ಕಳಿಸಿದ್ದಾರೆ ಅಂತ ಬೆಳೆದವರ ಬಿಲ್ಲಿನಲ್ಲಿ ಮುರಿದುಕೊಂಡೆ. ಅವರೂ ಜಾಸ್ತಿ ಮಾತಾಡಲಿಲ್ಲ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಸೌತೆ ಹೀಗೆ ಹಣ್ಣಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ದುಡ್ಡು ವಾಪಸ್ ಕೊಟ್ಟೆ, ಆದರೆ ಆ ಮನುಷ್ಯ ಮತ್ತೆ ನನಗೆ ಮಾಲು ಕಳಿಸಲಿಲ್ಲ. ಅವರ ತಪ್ಪೇನಿಲ್ಲ ಬಿಡಿ.

ತಣ್ಣಗಿಟ್ಟರೆ ಸಾಕು ಅನ್ನುವ ಭ್ರಮೆ

ಕಿತ್ತ ಮೇಲೂ ಹಣ್ಣು ತರಕಾರಿ ಉಸಿರಾಡುತ್ತವೆ. ಬಿಸಿ 10 ಡಿಗ್ರಿ ಏರಿದರೆ ಆ ಉಸಿರಾಟ ಹೆಚ್ಚುಕಮ್ಮಿ ಎರಡು ಮೂರು ಪಟ್ಟು ಏರುತ್ತದೆ, ಬಾಳಿಕೆ ಅಷ್ಟೇ ಬೇಗ ಇಳಿಯುತ್ತದೆ. ಹಾಗಾಗಿ ಹೊಲದ ಬಿಸಿಯನ್ನು ಬೇಗ ಇಳಿಸುವುದೇ ದೊಡ್ಡ ಕೆಲಸ. ಇಲ್ಲಿ ಹೊಸಬರು ಮಾಡುವ ತಪ್ಪು ಏನಂದ್ರೆ, ಬಿಸಿ ಮಾಲನ್ನು ರೀಫರ್ ಗಾಡಿಗೆ, ಅಂದರೆ ಕೂಲಿಂಗ್ ಯಂತ್ರ ಇರುವ ಗಾಡಿಗೆ, ತುಂಬಿ, ಊರು ಮುಟ್ಟುವ ಹೊತ್ತಿಗೆ ತಣ್ಣಗಾಗಿರುತ್ತದೆ ಅಂದುಕೊಳ್ಳುವುದು. ಆಗಲ್ಲ. ರೀಫರ್ ಇರುವುದು ತಣ್ಣಗಿರುವ ಮಾಲನ್ನು ತಣ್ಣಗೇ ಇಡಲು. ಮೊದಲು ಕೂಲಿಂಗ್ ಆಗಲಿ, ಆಮೇಲೆ ಲೋಡ್. ಲೋಡ್ ಮಾಡುವಾಗ ಗಾಡಿಯೊಳಗೆ ಬರೆದಿರುವ ಗೆರೆಗಿಂತ ಮೇಲೆ ಪೇರಿಸಬೇಡಿ, ಗಾಳಿ ಓಡಾಡಲು ಅಲ್ಲಿ ಜಾಗ ಬೇಕು.

ಇನ್ನೊಂದು. ಎಲ್ಲಕ್ಕೂ ಒಂದೇ ಚಳಿ ಹಿಡಿಸುವುದಿಲ್ಲ. ಸೊಪ್ಪು, ಬ್ರೊಕೊಲಿ, ಕ್ಯಾರೆಟ್‌ಗೆ 0 ಡಿಗ್ರಿಯ ಹತ್ತಿರ, ತೇವ 95 ಶೇಕಡದ ಆಸುಪಾಸು. ಬಾಳೆಗೆ 13 ಡಿಗ್ರಿಗಿಂತ ಕೆಳಗೆ ಹೋದರೆ ಸಿಪ್ಪೆ ಬೂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಸರಿಯಾಗಿ ಹಣ್ಣಾಗುವುದೂ ಇಲ್ಲ. ಸೌತೆ, ಬದನೆಗೂ 10ಕ್ಕಿಂತ ಕೆಳಗೆ ತೊಂದರೆ. ಈರುಳ್ಳಿಗೆ ಒಣ ಗಾಳಿ ಬೇಕು, ತೇವ 65 ರಿಂದ 70 ಶೇಕಡ ಸಾಕು, ಇಲ್ಲದಿದ್ದರೆ ಬೇರು ಬಿಡುತ್ತದೆ. ದುಡ್ಡು ಕಮ್ಮಿ ಇದ್ದರೆ ದೊಡ್ಡದೊಂದು ಕೋಣೆಗಿಂತ ಚಿಕ್ಕ ಮೂರು ಕೋಣೆ ವಾಸಿ ಅನ್ನುವುದು ನನ್ನ ಅಭಿಪ್ರಾಯ: ಒಂದು ಚಳಿ ಮತ್ತು ತೇವದ್ದು, ಒಂದು 13 ಡಿಗ್ರಿಯದ್ದು, ಒಂದು ಒಣದ್ದು. ಸೇಬು, ಹಣ್ಣಾದ ಬಾಳೆ, ಟೊಮೆಟೊ, ಪಪ್ಪಾಯ ಎಥಿಲೀನ್ ಬಿಡುವ ಗುಂಪು. ಸೊಪ್ಪು, ಸೌತೆ, ಕ್ಯಾರೆಟ್ ಅದಕ್ಕೆ ಹೆದರುವ ಗುಂಪು, ಕ್ಯಾರೆಟ್ ಅಂತೂ ಕಹಿಯಾಗುತ್ತದೆ. ಇವೆರಡನ್ನೂ ಒಟ್ಟಿಗೆ ಇಡಬೇಡಿ.

ಹಣ್ಣು ಮಾಗಿಸುವವರಿಗೆ ಒಂದು ಮಾತು. ಕ್ಯಾಲ್ಸಿಯಂ ಕಾರ್ಬೈಡ್ ಬೇಡ, ಎಷ್ಟೇ ಅಗ್ಗ ಆದರೂ ಬೇಡ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುತ್ತದೆ, ಅದನ್ನು ಮುಟ್ಟುವ ಕೆಲಸಗಾರರಿಗೇ ಮೊದಲ ಅಪಾಯ, ಹಲವು ದೇಶಗಳಲ್ಲಿ ನಿಷೇಧವೂ ಇದೆ. ಬಾಳೆಗೆ 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಗೆ ನೂರು ಪಾಲು) ಎಥಿಲೀನ್ ಒಂದೆರಡು ದಿನ ಕೊಟ್ಟರೆ ಸಾಕು. ಜಾಸ್ತಿ ಬಿಟ್ಟರೆ ಬೇಗ ಹಣ್ಣಾಗುವುದಿಲ್ಲ, ಸುಮ್ನೆ ಅನಿಲ ದಂಡ, ವಿಪರೀತ ಆದರೆ ಬೆಂಕಿ ಹೊತ್ತಿಕೊಳ್ಳುವ ಭಯ ಬೇರೆ. ಮುಚ್ಚಿದ ಕೋಣೆಯಲ್ಲಿ ಹಣ್ಣು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಬಾಗಿಲು ತೆರೆದು, ಗಾಳಿಯಾಡಿಸಿ, ಆಮೇಲೆ ಜನರನ್ನು ಒಳಗೆ ಬಿಡಿ.

ಹೊರುವವರ ಬೆನ್ನು

ಕ್ರೇಟ್ ಎಷ್ಟು ಭಾರ ಇರಬೇಕು ಅಂತ ನಿರ್ಧರಿಸುವವರು ನೀವು. ಎತ್ತುವವರು ನೀವಲ್ಲ. ಭಾರ ಎತ್ತುವ ಲೆಕ್ಕಕ್ಕೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಯೋಶ್ ಇಟ್ಟುಕೊಂಡ ಗರಿಷ್ಠ ಅಂಕಿ 23 ಕಿಲೋ. ಅದೂ ಸೊಂಟದ ಮಟ್ಟದಲ್ಲಿ, ಮೈಗೆ ಹತ್ತಿರ ಹಿಡಿದು, ಅವಸರ ಇಲ್ಲದೆ ಎತ್ತುವಾಗ. ಬಗ್ಗಿ, ತಿರುಗಿ, ಇಡೀ ರಾತ್ರಿ ಎತ್ತುವವರಿಗೆ ಅದಕ್ಕಿಂತ ಎಷ್ಟೋ ಕಮ್ಮಿ. ಐವತ್ತು ಕಿಲೋ ಮೂಟೆಯಿಂದ ಹದಿನೈದು ಇಪ್ಪತ್ತು ಕಿಲೋ ಕ್ರೇಟಿಗೆ ಬಂದರೆ ಮಾಲು ಜಜ್ಜುವುದೂ ಕಡಿಮೆಯಾಗುತ್ತದೆ, ಬೆನ್ನೂ ಉಳಿಯುತ್ತದೆ. ಕೋಲ್ಡ್ ರೂಮಿನ ಬಾಗಿಲು ಒಳಗಿಂದ ತೆರೆಯಬೇಕು, ಇದನ್ನು ಪ್ರತಿ ವಾರ ತೆರೆದು ನೋಡಿ. ದಪ್ಪ ಜಾಕೆಟ್, ಕೈಗವಸು ಕಂಪನಿಯ ಖರ್ಚು. ಬಿದ್ದು ಒಡೆದ ಕ್ರೇಟಿನ ದುಡ್ಡನ್ನು ಕೂಲಿಯಲ್ಲಿ ಮುರಿಯಬೇಡಿ. ಮುರಿದರೆ ಮುಂದಿನ ಸಲ ಒಡೆದದ್ದನ್ನು ಸದ್ದಿಲ್ಲದೆ ತಳಕ್ಕೆ ಇಡುತ್ತಾರೆ, ಅಲ್ವಾ?

ಉಳಿದದ್ದು, ಕೆಟ್ಟದ್ದು

ವಿಶ್ವಸಂಸ್ಥೆಯ ಆಹಾರ ಸಂಸ್ಥೆ 2019ರಲ್ಲಿ ಹಾಕಿದ ಲೆಕ್ಕದಲ್ಲಿ, ಕೊಯ್ಲಿನ ನಂತರ ಚಿಲ್ಲರೆ ಅಂಗಡಿ ಮುಟ್ಟುವ ಮೊದಲೇ ಜಗತ್ತಿನ ಆಹಾರದ ಸುಮಾರು 14 ಶೇಕಡ ಹಾಳಾಗುತ್ತದೆ. ಅಂದರೆ ನಮ್ಮ ಕಟ್ಟೆಯೂ ಅದರೊಳಗೇ ಬಂತು. ಮೊದಲು ಬಂದದ್ದು ಮೊದಲು ಹೋಗಲಿ ಅನ್ನುವ ಹಳೇ ನಿಯಮಕ್ಕಿಂತ, ಮೊದಲು ಕೆಡುವುದು ಮೊದಲು ಹೋಗಲಿ ಅನ್ನುವುದು ಒಳ್ಳೆಯದು. ನಿನ್ನೆ ಬಂದ ಮಾಗಿದ ಲಾಟ್, ಮೊನ್ನೆ ಬಂದ ಕಾಯಿಗಿಂತ ಮುಂಚೆ ಹೊರಡಬೇಕು. ನಾಳೆ ಕೆಡಬಹುದು ಅನಿಸಿದ್ದನ್ನು ಇವತ್ತೇ, ಮಾಗಿದ ಮಾಲು ಅಂತ ಬಾಯಿಬಿಟ್ಟು ಹೇಳಿ, ಇಳಿಸಿದ ಬೆಲೆಗೆ ಕೊಡಿ. ಹೋಗದಿದ್ದರೆ ಊಟ ಹಾಕುವ ಸಂಸ್ಥೆಗಳಿಗೆ, ಆಮೇಲೆ ದನಕರುಗಳಿಗೆ, ಕೊನೆಗೆ ಗೊಬ್ಬರದ ಗುಂಡಿಗೆ. ಕೊಳೆತದ್ದನ್ನು ದಾನ ಅಂತ ಕಳಿಸಬೇಡಿ, ಅದನ್ನು ಎಸೆಯುವ ಖರ್ಚನ್ನು ಅವರ ಮೇಲೆ ಹಾಕಿದ ಹಾಗಾಗುತ್ತದೆ. ಪ್ರತಿ ದಿನ ಎಸೆದದ್ದನ್ನು ತೂಕ ಹಾಕಿ, ಯಾವ ಲಾಟ್, ಯಾಕೆ ಅಂತ ಬರೆದಿಡಿ.

ಒಂದು ಕ್ರೇಟ್ ಎಲ್ಲಿಂದ ಬಂತು?

2011ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಇ-ಕೋಲೈ ಬ್ಯಾಕ್ಟೀರಿಯಾದಿಂದ ಜನ ಸಾಯತೊಡಗಿದರು. ಹ್ಯಾಂಬರ್ಗಿನ ಅಧಿಕಾರಿಗಳು ಮೊದಲು ಸ್ಪೇನಿನ ಸೌತೆಕಾಯಿಯತ್ತ ಬೆರಳು ಮಾಡಿದರು. ತಪ್ಪೇ ಮಾಡದ ಬೆಳೆಗಾರರ ಸೌತೆ ರಾಶಿ ರಾಶಿ ಕೊಳೆಯಿತು. ಯಾವ ಹೋಟೆಲಿಗೆ ಯಾರಿಂದ ಏನು ಬಂತು ಅಂತ ಚೀಟಿ ಹಿಡಿದು ಹಿಂದೆ ಹಿಂದೆ ಹೋದಾಗ ಸಿಕ್ಕಿದ್ದು ಮೊಳಕೆ ಕಾಳು, ಅದರಲ್ಲೂ ಮೆಂತ್ಯದ ಬೀಜ. ಒಟ್ಟು 50ಕ್ಕೂ ಹೆಚ್ಚು ಜನ ತೀರಿಕೊಂಡರು. ಲಾಟ್ ನಂಬರ್ ಸುಮ್ನೆ ಕಾಗದದ ಕೆಲಸ ಅಂತ ಗೊಣಗುವ ಹುಡುಗರಿಗೆ ನಾನು ಹೇಳುವ ಕಥೆ ಇದೇ. ಚೀಟಿ ಇದ್ದವರು ಬೇಗ ಪಾರಾಗುತ್ತಾರೆ, ಇಲ್ಲದವರ ತಲೆಗೆ ಊರ ನಷ್ಟ ಬರುತ್ತದೆ.

ವರ್ಷಕ್ಕೆ ಎರಡು ಸಲ ಇದನ್ನು ಮಾಡಿ ನೋಡಿ. ಹೊರಗೆ ಹೋದ ಯಾವುದಾದರೂ ಒಂದು ಕ್ರೇಟ್ ಆರಿಸಿ, ಗಡಿಯಾರ ನೋಡಿಕೊಂಡು, ಅದು ಯಾವ ಹೊಲದ್ದು, ಅದೇ ಲಾಟ್ ಇನ್ನು ಯಾರ್ಯಾರ ಅಂಗಡಿಗೆ ಹೋಗಿದೆ ಅಂತ ಹುಡುಕಿಸಿ. ನಾಲ್ಕು ಗಂಟೆಯೊಳಗೆ ಸಿಗಬೇಕು ಅಂತ ನಾನು ಇಟ್ಟುಕೊಂಡಿದ್ದೇನೆ. ಹೆಚ್ಚಿನ ಸಲ ದಾರ ಕಡಿದು ಹೋಗುವುದು ಬಾಗಿಲಲ್ಲಲ್ಲ, ಗ್ರೇಡಿಂಗ್ ಮೇಜಿನ ಹತ್ತಿರ. ಅರ್ಧ ಖಾಲಿಯಾದ ಎರಡು ಕ್ರೇಟ್ ಸೇರಿಸಿ ಒಂದು ಮಾಡುತ್ತಾರಲ್ಲ, ಅಲ್ಲಿ. ಆ ಮೇಜಿನ ಮೇಲೆ ಒಂದು ಪೆನ್ನು ಕಟ್ಟಿಡಿ, ಸೇರಿಸಿದ ಕ್ರೇಟಿನ ಮೇಲೆ ಎರಡೂ ಲಾಟ್ ನಂಬರ್ ಬರೆಸಿ. ಪೆನ್ನಿಗೆ ದಾರ ಗಟ್ಟಿಯದ್ದಿರಲಿ, ನಮ್ಮಲ್ಲಿ ವಾರಕ್ಕೊಂದು ಕಳೆಯುತ್ತದೆ.